ಏಳನೇ ಪಂಜರದ ವಯಸ್ಸು

ಏಳನೇ ಪಂಜರದ ಹೆಣ್ಣಿಲಿಗಳಿಗೆಲ್ಲ ಯಾಕೆ ಎದೆಯಲ್ಲಿ ಗಡ್ಡೆ ಬಂತೆಂಬುದು ವನಜಾಕ್ಷಿಗೆ ಹೊಳೆದದ್ದು ಮರಳವಾಡಿಯ ಮನೆಯಲ್ಲಿ, ರೇಷ್ಮೆಹುಳುವಿನ ತಟ್ಟೆಯ ಮುಂದೆ. ಅತ್ತೆ ಅಂಬಮ್ಮ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಾ, "ಇವು ಸೊಪ್ಪು ಮುಟ್ಟಿ ಇವತ್ಗೆ ಎಂಟ್ ದಿನ ಕಣವ್ವ" ಎಂದರು. ಸೊಸೆಯ ಕೈ ನಿಂತುಬಿಟ್ಟಿತು.

ಹುಳು ಹುಟ್ಟಿದ ದಿನವೇ ಸೊಪ್ಪು ಮುಟ್ಟುತ್ತದೆ. ಅದರ ವಯಸ್ಸೆಂದರೆ ಮೇವಿನ ಲೆಕ್ಕ. ಇಲಿಮರಿ ಹಾಗಲ್ಲ, ಮೂರು ವಾರ ತಾಯಿಹಾಲಲ್ಲೇ ಇರುತ್ತದೆ. ಹಾರೋಹಳ್ಳಿಯ ಪ್ರಯೋಗಾಲಯದಲ್ಲಿ ಇಲಿ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಪ್ರಯೋಗ ನಡೆಸುವ ರಮ್ಯಾ ಮೇಡಂ ರಜೆಯಲ್ಲಿದ್ದಾಗ, ಏಳನೇ ಪಂಜರದ ಚೀಟಿ ಬರೆದವಳು ವನಜಾಕ್ಷಿ. ಮರಿಗಳು ಮೇವು ಮುಟ್ಟಿದ ದಿನವನ್ನೇ ಹುಟ್ಟಿದ ದಿನವೆಂದು ಬರೆದಿದ್ದಳು.

ಗಡ್ಡೆ ಬರಿಸುವ ಮದ್ದನ್ನು ಎಲ್ಲ ಇಲಿಗೂ ಮೇಡಂ ಒಂದೇ ದಿನ ಕೊಟ್ಟಿದ್ದರು. ಅದಕ್ಕೆ ಮುಂಚೆ, ಎಳೆವಯಸ್ಸಲ್ಲೇ ಹಾರ್ಮೋನಿನ ಮೇವು ತಿಂದಿದ್ದರೆ ಗಡ್ಡೆ ತಡೆಯುತ್ತದೆಯೇ ಎಂಬುದು ಅವರ ಪರೀಕ್ಷೆ. ಚೀಟಿ ನಂಬಿ ಏಳನೇ ಪಂಜರಕ್ಕೆ ಆ ಮೇವು ಹೋದದ್ದು ಮೂರು ವಾರ ತಡವಾಗಿ, ಮದ್ದು ಬಿದ್ದ ಮೇಲೆ. ಬೇರೆ ಪಂಜರಗಳಲ್ಲಿ ಗಡ್ಡೆ ಅಪರೂಪ, ಇಲ್ಲಿ ಐದಕ್ಕೆ ಐದೂ. "ಈ ಮೇವು ಬೇಗ ಕೊಟ್ಟರೂ ನೆಚ್ಚೋ ಹಾಗಿಲ್ಲ ಅಂತಲೇ ಬರೀಬೇಕು" ಎಂದು ಮೇಡಂ ಬೇಸರದಲ್ಲಿದ್ದರು.

"ಇಲೀನೂ ಹುಳಾ ಅಂದ್ಕಂಡ್ಯಾ?" ಎಂದರು ಅಂಬಮ್ಮ, ಎಲ್ಲ ಕೇಳಿ.

"ಹೇಳ್ಬುಟ್ರೆ ಕೆಲ್ಸದಿಂದ ತೆಗೀತಾರೆ ಕಣತ್ತೆ."

"ತೆಗುದ್ರೆ ತೆಗೀಲಿ. ಸುಳ್ಳು ಲೆಕ್ಕಕ್ಕೆ ಐದ್ ಜೀವ ಹೋದ್ರೆ ಒಳ್ಳೇದಾ?"

ಬೆಳಿಗ್ಗೆ ಮೊದಲ ಬಸ್ಸಿಗೇ ಹೋಗಿ ಹೇಳಿದಳು. ರಮ್ಯಾ ಚೀಟಿಯನ್ನೂ ಮದ್ದು ಕೊಟ್ಟ ತಾರೀಕನ್ನೂ ಎರಡು ಸಲ ನೋಡಿದರು. ಮುಖ ಕೆಂಪಾಯಿತು.

"ಯಾವಾಗ ಗೊತ್ತಾಯ್ತು?"

"ನೆನ್ನೆ ಸಂಜೆ ಮೇಡಂ."

"ಆಮೇಲೆ ನಿದ್ದೆ ಮಾಡಿದ್ಯಾ?"

"ಒಸಿ."

ರಮ್ಯಾಗೆ ನಗು ಬಂತು, ತಡೆದುಕೊಂಡರು. ಪುಸ್ತಕ ತೆಗೆದು ಏಳನೇ ಪಂಜರವನ್ನು ಬೇಗ ಕೊಟ್ಟವುಗಳ ಪಟ್ಟಿಯಿಂದ ಹೊಡೆದುಹಾಕಿ, ಪಕ್ಕದಲ್ಲಿ ಕಾರಣ ಬರೆದರು.

"ನನ್ನ ಹೆಸ್ರೂ ಬರುದ್ರಾ?"

"ಇಬ್ಬರದೂ. ಚೀಟಿ ನೋಡದೆ ಸಹಿ ಹಾಕಿದ್ದು ನಾನು." ಪೆನ್ನು ಮುಚ್ಚಿದರು. "ಈ ಪಂಜರದ್ದು ಮತ್ತೆ ಮೊದಲಿಂದ ಆಗಬೇಕು. ಬುಧವಾರದ ಹೊತ್ತಿಗೆ ಬೇರೆ ಬಸುರಿ ಇಲಿಗಳು ಮರಿ ಹಾಕ್ತವೆ. ಚೀಟಿ ನೀನೇ ಬರಿ. ನಾನು ಪಕ್ಕದಲ್ಲಿರ್ತೀನಿ."

ವನಜಾಕ್ಷಿ ಕೈಗವಸು ಹಾಕಿಕೊಂಡು, ಏಳನೇ ಪಂಜರಕ್ಕೆ ನೀರು ತುಂಬಿಸಲು ಹೋದಳು.