ಉಣ್ಣೆದಾರ ಕಟ್ಟಿದ ಹದಿನಾರು ಫೋನು

ಕೊಲೆಯಾದ ನಾಲ್ಕನೆಯ ದಿನ ಗುಪ್ತಚರದವರು ಬಂದರು. ಆಲಮೇಲದಿಂದ ಸಿಂದಗಿಗೆ ಹೋಗುವ ದಾರಿಯ ಆ ಸಣ್ಣ ಠಾಣೆಯ ಅಂಗಳದಲ್ಲಿ ಬಿಳಿ ಕಾರು ನಿಂತಾಗ ಹೆಡ್ ಕಾನ್‌ಸ್ಟೆಬಲ್ ವಿದ್ಯಾವತಿ ಬೇವಿನ ನೆರಳಲ್ಲಿ ಕೂತು ಪಂಚನಾಮೆಯ ನಕಲು ತೆಗೆಯುತ್ತಿದ್ದಳು. ಕಾರಿನಿಂದ ಇಳಿದವನು ಒಬ್ಬನೇ. ಮೂವತ್ತೈದರ ಪ್ರಾಯ, ಇಸ್ತ್ರಿ ಮುರಿಯದ ಅಂಗಿ. ಹೆಸರು ಅಮಿತ ಎಂದ. ಯಾವ ಕಚೇರಿ, ಯಾವ ಹುದ್ದೆ ಎಂದು ಅವನು ಹೇಳಲಿಲ್ಲ, ಠಾಣೆಯ ಮುಖ್ಯಸ್ಥ ಫೌಜದಾರ ಸಾಹೇಬರು ಕೇಳಲಿಲ್ಲ. ತಮ್ಮ ಕುರ್ಚಿಯನ್ನೇ ಅವನತ್ತ ಸರಿಸಿ, ತಾವು ಕಿಟಕಿಯ ಕಟ್ಟೆಗೆ ಒರಗಿ ನಿಂತರು. ಊರಿಗೆಲ್ಲ ಹುಲಿಯಾಗಿದ್ದ ಮನುಷ್ಯ ಹಾಗೆ ಕಟ್ಟೆಗೆ ಒರಗಿದ್ದನ್ನು ವಿದ್ಯಾವತಿ ಆವರೆಗೆ ಕಂಡಿರಲಿಲ್ಲ.

ಸತ್ತವನು ಬಸವಂತರಾಯ. ಇಪ್ಪತ್ತೆರಡು ವರ್ಷ ಸೈನ್ಯದಲ್ಲಿ ವೈರ್‌ಲೆಸ್ ಕೆಲಸ ಮಾಡಿ, ಪಿಂಚಣಿ ಹಿಡಿದು ಬಂದು, ರಸ್ತೆಯ ಕ್ರಾಸಿನ ಹತ್ತಿರ ತೊಗರಿ ಬೆಳೆಯುತ್ತಿದ್ದ. ಹಾಡಹಗಲೇ, ಹೊಲದ ಗುಡಿಸಲ ಬಾಗಿಲಲ್ಲಿ, ತಲೆಗೆ ಪೆಟ್ಟು ಬಿದ್ದು ಸತ್ತಿದ್ದ. ಬರೀ ತೊಗರಿ ಬೆಳೆಯುವವನಾಗಿದ್ದರೆ ಬಿಳಿ ಕಾರು ಈ ಕಡೆ ತಲೆಯನ್ನೂ ಹಾಕುತ್ತಿರಲಿಲ್ಲ. ಅವನ ಹಳೆಯ ನೌಕರಿ ಅದನ್ನು ಕರೆತಂದಿತ್ತು. ಕೊಂದದ್ದು ಗಡಿಯಾಚೆಯ ಕೈಯೋ ಅಲ್ಲವೋ, ಅವರಿಗೆ ಬೇಕಾದದ್ದು ಅಷ್ಟೇ.

“ನಾವು ಸಹಕಾರ ಕೊಡೋಕೆ ಬಂದಿದ್ದೀವಿ,” ಎಂದ ಅಮಿತ, ಬೆಂಗಳೂರಿನ ನುಣುಪು ಮಾತಿನಲ್ಲಿ. ಒಂದು ಹಾಳೆ ಕೊಟ್ಟ. “ಇದು ನಿಮ್ಮ ಹತ್ರ ಇಲ್ಲ. ನಾವು ಕೊಟ್ಟೂ ಇಲ್ಲ. ತಿಳೀತಲ್ಲ?”

“ತಿಳೀತ್ರಿ ಸರ್,” ಎಂದರು ಫೌಜದಾರರು, ಇಲ್ಲದ ಹಾಳೆಯನ್ನು ಎರಡೂ ಕೈಯಿಂದ ತಗೊಂಡು.

ಅಂದು ಸಂಜೆಯೇ ವಿದ್ಯಾವತಿಗೆ ಅಪ್ಪಣೆಯಾಯಿತು: ಯಂಕಂಚಿ ಊರ ಹೊಲದಲ್ಲಿ ಕುರಿ ನಿಲ್ಲಿಸಿರುವ ಅಮೋಘಸಿದ್ಧನನ್ನು ಕರೆದುಕೊಂಡು ಬಾ. ಯಾಕೆಂದು ಹೇಳಲಿಲ್ಲ. ಹತ್ತು ದಿನದ ಹಿಂದೆ ಅವನ ಕುರಿಗಳು ಬಸವಂತರಾಯನ ತೊಗರಿಗೆ ನುಗ್ಗಿ ಇಬ್ಬರಿಗೂ ಕೈಕೈ ಹತ್ತಿತ್ತು. ಆ ಮಾತನ್ನು ಫೌಜದಾರರ ಕಿವಿಗೆ ಹಾಕಿದವಳು ತಾನೇ ಎಂಬುದು ಅವಳಿಗೆ ದಾರಿಯುದ್ದಕ್ಕೂ ಅಂಗಾಲಿನ ಜಾಲಿಮುಳ್ಳಿನಂತೆ ಚುಚ್ಚಿತು.

ಕುರಿಹಟ್ಟಿಯಲ್ಲಿ ಅವನ ತಾಯಿ ಚಂದವ್ವ ಮರಿಗಳಿಗೆ ನೀರು ಕುಡಿಸುತ್ತಿದ್ದಳು. ಕಾಖಿ ಕಂಡದ್ದೇ ಕೊಡ ಕೆಳಗಿಟ್ಟಳು.

“ಯಾಕ ಬಂದಿಯವ್ವಾ?”

“ಸಾಹೇಬ್ರು ಎರಡು ಮಾತು ಕೇಳತಾರಂತ. ನಾಳಿ ಹೊತ್ತೇರೂದ್ರಾಗ ಕಳಸ್ತೇವಿ.”

“ಎರಡ ಮಾತು ಇಲ್ಲೇ ಕೇಳಾಕ ಬರ್ತಿರಲಿಲ್ಲ?” ಎಂದಳು ಮುದುಕಿ. ಆದರೂ ಮಗನ ಹೆಗಲಿಗೆ ಕಂಬಳಿ ಹಾಕಿ ಕಳಿಸಿದಳು.

ನಾಳೆ ಹೋಗಿ ನಾಡಿದ್ದಾಯಿತು, ಆಚೆ ನಾಡಿದ್ದೂ ಆಯಿತು. ಅಮೋಘಸಿದ್ಧ ಠಾಣೆಯ ಹಿಂದಿನ ಕೋಣೆಯಲ್ಲಿದ್ದ. ಅಂಗಾಲು ಬಾತು, ಗೋಡೆ ಹಿಡಿದು ನಿಲ್ಲುತ್ತಿದ್ದ. ‘ಆ ದಿನ ಯಂಕಂಚಿಯಾಗ ಇದ್ದೆ’ ಎಂಬ ಒಂದೇ ಮಾತು ಅವನದು. ಹೊಲದ ಧಣಿ ಆವತ್ತು ಊರಲ್ಲಿರಲಿಲ್ಲ. ಸಾಕ್ಷಿ ಹೇಳಬೇಕೆಂದರೆ ಇನ್ನೂರು ಕುರಿ ಹೇಳಬೇಕು.

ಮೂರನೆಯ ದಿನ ವಿದ್ಯಾವತಿ ತಡೆಯಲಾರದೆ ಫೌಜದಾರರ ಎದುರು ನಿಂತಳು. “ಸರ್, ಅವ ಅಲ್ಲ ಅನಸ್ತೈತ್ರಿ.”

“ನಿನಗ ಅನಸಿದ್ರ ಆತೇನವಾ? ಮಷೀನು ಸುಳ್ಳ ಹೇಳತೈತೇನು?” ಅವರು ಇಲ್ಲದ ಹಾಳೆಯನ್ನು ಡ್ರಾವರಿನಿಂದ ತೆಗೆದರು. ಕೊಲೆಯ ಹೊತ್ತಿಗೆ ಕ್ರಾಸಿನ ಟವರಿಗೆ ಸಿಕ್ಕಿದ್ದ ಫೋನುಗಳ ಪಟ್ಟಿ, ಮುನ್ನೂರು ಚಿಲ್ಲರೆ ನಂಬರು. ಒಂದರ ಕೆಳಗೆ ಕೆಂಪು ಗೆರೆ. “ನೋಡು. ಮುಂಜಾನಿಂದ ಸಂಜಿತನ ಅವನ ಫೋನು ಕ್ರಾಸಿನ್ಯಾಗ. ಅವ ಯಂಕಂಚಿಯಾಗ ಇದ್ದರ ಫೋನಿಗೆ ಕಾಲು ಬಂದಿದ್ದುವೇನು?”

ವಿದ್ಯಾವತಿಗೆ ನಗುವೂ ಬಂತು, ಅಳುವೂ ಬಂತು. ಅಜ್ಜಿ ಹೇಳುತ್ತಿದ್ದ ಕತೆಯಲ್ಲಿ ರಾಕ್ಷಸನೊಬ್ಬ ಜೀವವನ್ನು ಗಿಳಿಯಲ್ಲಿಟ್ಟು ತಾನು ಬೇರೆ ಕಡೆ ತಿರುಗುತ್ತಿದ್ದ. ಗಿಳಿ ಇದ್ದಲ್ಲೇ ರಾಕ್ಷಸನೂ ಇರುತ್ತಾನೆಂದು ಹೊರಟ ರಾಜಕುಮಾರ ಕತೆಯ ಅರ್ಧದಲ್ಲೇ ಹಾಳಾಗುತ್ತಿದ್ದ. ಈ ಸೀಮೆಯ ಕುರಿಗಾರರ ಗಿಳಿಗಳೆಲ್ಲ ಎಲ್ಲಿರುತ್ತವೆಂದು ಅವಳಿಗೆ ಗೊತ್ತಿತ್ತು. ಕ್ರಾಸಿನಲ್ಲಿ, ಪಂಕ್ಚರ್ ಅಂಗಡಿಯ ಮುಕ್ತಾರನ ಹಲಗೆಯ ಮೇಲೆ.

ಹೊಲದಲ್ಲಿ ಕುರಿ ನಿಲ್ಲಿಸುವವರಿಗೆ ಕರೆಂಟು ಎಲ್ಲಿಂದ ಬರಬೇಕು? ಹಿಟ್ಟು ಬೀಸಿಸಲು ಬಂದವರು ಫೋನನ್ನು ಮುಕ್ತಾರನ ಕೈಗೆ ಕೊಟ್ಟು ಹೋಗುತ್ತಿದ್ದರು. ಮತ್ತೆ ಹಿಟ್ಟು ತೀರಿದಾಗಲೇ ಒಯ್ಯುವುದು, ಎರಡು ದಿನಕ್ಕೋ ನಾಲ್ಕು ದಿನಕ್ಕೋ. ಎಲ್ಲವೂ ಒಂದೇ ನಮೂನೆಯ ಅಗ್ಗದ ಫೋನುಗಳು. ಗುರುತಿಗೆಂದು ಪ್ರತಿಯೊಬ್ಬನೂ ತನ್ನ ಹಿಂಡಿನ ಉಣ್ಣೆಯ ದಾರ ಹೊಸೆದು ಕಟ್ಟಿರುತ್ತಿದ್ದ. ಕಾಲ್ ಬಂದರೆ ಮುಕ್ತಾರನೇ ಎತ್ತಿ, ಸುದ್ದಿ ಕೇಳಿಟ್ಟು, ಆ ದಿಕ್ಕಿಗೆ ಹೋಗುವವರ ಕೂಡ ಹೇಳಿ ಕಳಿಸುತ್ತಿದ್ದ. ವಿದ್ಯಾವತಿಯ ಸ್ಕೂಟಿಯ ಗಾಲಿಗೆ ತೇಪೆ ಹಾಕುವವನೂ ಅವನೇ.

ಅವಳು ನೇರ ಕ್ರಾಸಿಗೆ ಹೋದಳು. ಮುಕ್ತಾರ ಟ್ಯೂಬನ್ನು ನೀರಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದ.

“ಬಸವಂತರಾಯ ಸತ್ತ ದಿನ ಅಮೋಘಸಿದ್ಧನ ಫೋನು ಎಲ್ಲಿತ್ತು?”

“ಇಲ್ಲೇ ಇತ್ರಿ ಬಾಯಾರ. ಹಿಂದಿನ ದಿನ ಕೊಟ್ಟು ಹೋಗಿದ್ದ, ಇನ್ನೂ ಒಯ್ದಿಲ್ಲ. ಮಧ್ಯಾಹ್ನ ಅವನ ಮಾವ ಮಾಡಿದ್ದ, ನಾನ ಎತ್ತಿದೆ. ಎಮ್ಮಿ ಈದೈತಿ ಅಂದ.”

“ಇದನ್ನ ಠಾಣೆಯಾಗ ಹೇಳತಿ?”

ಒಳಗಿನಿಂದ ಅವನ ಹೆಂಡತಿ ಬಾನುಬಿ ಹಣಿಕಿ ಹಾಕಿದಳು. “ಬ್ಯಾಡ್ರಿ ಅಕ್ಕಾರ. ಇವ್ರಿಗೆ ಪೊಲೀಸ್ರ ಉಸಾಬರಿ ಯಾಕ?”

“ಸುಮ್ಮನಿರು,” ಎಂದ ಮುಕ್ತಾರ. “ಅಮೋಗಿ ನಮ್ಮಾಂವ. ಕಣ್ಣಾರೆ ಕಂಡದ್ದ ಹೇಳಾಕ ಅಂಜಿಕಿ ಏನು?”

“ನಿನಗೇನೂ ಆಗಂಗಿಲ್ಲ,” ಎಂದಳು ವಿದ್ಯಾವತಿ. “ನಿನ್ನ ಕೂಡ ನಾ ಅದೀನಲ್ಲಾ.” ಆಮೇಲೆ, ಬರೀ ಮಾತಿಗಿಂತ ಕಣ್ಣಿಗೆ ಕಂಡದ್ದನ್ನು ಮೇಲಿನವರು ನಂಬುತ್ತಾರೆಂದು, “ಇದ್ದಷ್ಟೂ ಫೋನು ತಗೊಂಡು ಬಾ,” ಎಂದಳು. ಅದು ಅವಳದೇ ಯೋಚನೆ. ಬೇರೆ ಯಾರೂ ಹೇಳಿಕೊಟ್ಟದ್ದಲ್ಲ.

ಮುಕ್ತಾರ ಜಳಕ ಮಾಡಿ, ಮದುವೆಗೆ ಹಾಕುವ ಅಂಗಿ ಹಾಕಿಕೊಂಡು ಬಂದ. ಫೌಜದಾರರ ಟೇಬಲ್ಲಿನ ಮೇಲೆ ಕೈಚೀಲ ಬರಿದು ಮಾಡಿದ. ಹದಿನಾರು ಫೋನು. ಅಮಿತ ಪಕ್ಕದ ಕುರ್ಚಿಯಲ್ಲಿ ಚಹಾ ಕುಡಿಯುತ್ತ ನೋಡುತ್ತಿದ್ದ.

“ನೋಡ್ರಿ ಸಾಹೇಬ್ರ, ಕರಿ ಉಣ್ಣಿ ಅಮೋಗಿದು. ಕರಿ ಬಿಳಿ ಹೊಸದದ್ದು ಇಂಡಿ ಕಡೆ ಪರಸಪ್ಪಂದು. ಈ ಗಂಟು ಇದ್ದದ್ದು ಮುದ್ದೇಬಿಹಾಳದಾವರದು. ಕಣ್ಣ ಮುಚ್ಚಿಕೊಂಡು ಹೇಳಲೇನ್ರಿ?” ಕಣ್ಣು ಮುಚ್ಚಿದ. ಒಂದೊಂದನ್ನೂ ಬೆರಳಲ್ಲಿ ತಡವಿ, ಹದಿನಾರು ಹೆಸರನ್ನೂ ಹೇಳಿದ. ಒಂದೂ ತಪ್ಪಲಿಲ್ಲ. ಬಾಗಿಲಲ್ಲಿ ನಿಂತ ಕಾನ್‌ಸ್ಟೆಬಲ್‌ಗಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ವಿದ್ಯಾವತಿಗೆ ಎದೆ ಉಬ್ಬಿತು.

ಅಮಿತ ಚಹಾದ ಕಪ್ಪು ಕೆಳಗಿಟ್ಟ. “ಈ ಎಲ್ಲ ಫೋನಲ್ಲೂ ಮಾತಾಡೋದು ಯಾರು?”

“ನಾನರಿ. ಅವರಿಲ್ಲದಾಗ.”

“ಎಲ್ಲೆಲ್ಲಿಂದ ಬರ್ತವೆ?”

“ಸೋಲಾಪುರ, ಹೈದರಾಬಾದ, ಎಲ್ಲಾ ಕಡಿಂದ ಬರ್ತಾವ್ರಿ. ಕುರಿ ವ್ಯಾಪಾರಿಗಳು.”

“ಬಸವಂತರಾಯ ನಿಮ್ಮ ಅಂಗಡಿಗೆ ಬರ್ತಿದ್ದರಾ?”

“ದಿನಾ ಬರ್ತಿದ್ರು. ಭಾಳ ತಿಳದಾವ್ರು. ಕೆಟ್ಟ ಚಾರ್ಜರು ಅವರೇ ರಿಪೇರಿ ಮಾಡಿಕೊಡತಿದ್ರು.”

ಬಾಗಿಲಲ್ಲಿದ್ದವರ ನಗೆ ಎಲ್ಲಿ ಹೋಯಿತೋ. ಸೈನ್ಯದ ವೈರ್‌ಲೆಸ್ಸಿನವನು, ಅವನು ದಿನಾ ಬಂದು ಕೂರುತ್ತಿದ್ದ ಅಂಗಡಿ, ಅಲ್ಲಿ ಹದಿನಾರು ಹೆಸರಿನ ಹದಿನಾರು ಫೋನು, ಎಲ್ಲದರಲ್ಲೂ ಒಂದೇ ದನಿ. ಆ ದನಿಯವನ ಹೆಸರು ಮುಕ್ತಾರ. ಅಮಿತ ಏನು ಕಂಡನೆಂಬುದು ವಿದ್ಯಾವತಿಗೆ ಆಗ ಕಂಡಿತು. ಹೊತ್ತು ಮೀರಿತ್ತು.

“ಸರ್, ಇವನ್ನ ನಾನ ಕರಕೊಂಡು ಬಂದೇನಿ. ಇವ ಸಾಕ್ಷಿ,” ಎಂದಳು.

“ತುಂಬಾ ಸಹಾಯ ಆಯ್ತು ಮೇಡಂ,” ಎಂದ ಅಮಿತ. ಆ ಮಾತಿನಲ್ಲಿ ಕೊಂಕಿರಲಿಲ್ಲ. ಅದೇ ಅವಳಿಗೆ ಹೆಚ್ಚು ಉರಿಯಿತು.

ಹೊತ್ತು ಮುಳುಗುವ ಮುಂಚೆ ಅಮೋಘಸಿದ್ಧ ಬಿಡುಗಡೆಯಾದ. ಚಂದವ್ವ ಠಾಣೆಯ ಮೆಟ್ಟಿಲ ಮೇಲೆ ವಿದ್ಯಾವತಿಯ ಗಲ್ಲ ನೇವರಿಸಿ ನೆಟಿಗೆ ಮುರಿದಳು. ಅದೇ ಗಳಿಗೆಗೆ ಹಿಂದಿನ ಬಾಗಿಲಿಂದ ಮುಕ್ತಾರನನ್ನು ಬಿಳಿ ಕಾರಿನಲ್ಲಿ ಕೂರಿಸಿದರು. ಮದುವೆಯ ಅಂಗಿಯವನು ಕಾರಿನ ಗಾಜಿನಾಚೆಯಿಂದ ಅವಳತ್ತ ಕೈ ಎತ್ತಿದ. ಬೇಗ ಬರ್ತೇನಿ, ನೀವೇನೂ ಕಾಳಜಿ ಮಾಡಬ್ಯಾಡ್ರಿ ಎನ್ನುವ ಹಾಗೆ.

ಹತ್ತು ದಿನವಾದರೂ ಬರಲಿಲ್ಲ.

“ಎಲ್ಲಿ ಅದಾನ್ರಿ ಸರ್?” ಎಂದರೆ ಫೌಜದಾರರು ಫೈಲಿನಿಂದ ತಲೆ ಎತ್ತುತ್ತಿರಲಿಲ್ಲ. “ಯಾರು? ನಮ್ಮ ಠಾಣೆಯಾಗ ಅಂಥಾ ಮನಿಷ್ಯಾ ಬಂದ ಎಂಟ್ರಿನ ಇಲ್ಲ. ಬರದದ್ದು ಇದ್ರ ತೋರಸು.”

ಬರೆದದ್ದು ಇರಲಿಲ್ಲ. ಹಾಳೆ ಇರಲಿಲ್ಲ, ಕಾರು ಬಂದಿರಲಿಲ್ಲ, ಅಮಿತ ಎಂಬವನು ಹುಟ್ಟಿರಲೇ ಇಲ್ಲ. ಬರೆದಿಟ್ಟ ತಪ್ಪನ್ನು ತಿದ್ದಬಹುದು. ಇಲ್ಲದ ತಪ್ಪನ್ನು ಎಲ್ಲಿ ಹಿಡಿದು ತಿದ್ದುವುದು? ಬಸವಂತರಾಯನನ್ನು ಕೊಂದವರು ಯಾರೆಂದು ಕೇಳುವವರು ಈಗ ಠಾಣೆಯಲ್ಲೂ ಇರಲಿಲ್ಲ, ಊರಲ್ಲೂ ಇರಲಿಲ್ಲ. ಊರು ಆಗಲೇ ಬೇರೆ ಕತೆ ಹೊಸೆಯುತ್ತಿತ್ತು. ಮುಕ್ತಾರನ ಅಂಗಡಿಯ ಹಿಂದೆ ನೆಲದೊಳಗೆ ಮಷೀನು ಸಿಕ್ಕಿತಂತೆ, ಇರುಳೆಲ್ಲ ಅದು ಕುಂಯ್ ಅನ್ನುತ್ತಿತ್ತಂತೆ. ಹತ್ತು ವರ್ಷ ಅವನ ಕೈಯಲ್ಲಿ ಗಾಳಿ ಹಾಕಿಸಿಕೊಂಡವರೇ ಹಾಗೆ ಹೇಳಿದರು.

ವಕೀಲರೊಬ್ಬರು ದಾರಿ ತೋರಿಸಿದರು: ಆ ಫೋನುಗಳು ತಮ್ಮವೇ, ಚಾರ್ಜಿಗೆ ಕೊಟ್ಟದ್ದು ಎಂದು ಕುರಿಗಾರರು ಬರೆದು ಹೆಬ್ಬೆಟ್ಟು ಒತ್ತಿಕೊಟ್ಟರೆ ಕೋರ್ಟಿನ ಬಾಗಿಲು ಬಡಿಯಬಹುದು. ವಿದ್ಯಾವತಿ ರಜೆ ಹಾಕಿ, ಕಾಖಿ ಬಿಚ್ಚಿಟ್ಟು, ಸೀರೆಯುಟ್ಟು ಹೊರಟಳು. ಹಿಂಡುಗಳು ಆಗಲೇ ಚದುರಿದ್ದವು. ಇಂಡಿಯ ಪರಸಪ್ಪ ಮನೆಯಲ್ಲಿದ್ದೂ ಇಲ್ಲವೆನ್ನಿಸಿದ. ಮುದ್ದೇಬಿಹಾಳದ ಅಣ್ಣತಮ್ಮಂದಿರು ಊಟಕ್ಕೆ ಕೂರಿಸಿದರು, ಶೇಂಗಾದ ಹಿಂಡಿ ಬಡಿಸಿದರು. ಕಾಗದ ತೆಗೆದದ್ದೇ ಕೈ ತೊಳೆಯಲು ಎದ್ದು ಹೋದವರು ತಿರುಗಿ ಬರಲಿಲ್ಲ. ಹದಿನಾರರಲ್ಲಿ ಹದಿನೈದು ಮಂದಿಯನ್ನು ಹೀಗೆ ಕಂಡಾಯಿತು. ಅಮೋಘಸಿದ್ಧ ಒಬ್ಬ ಉಳಿದಿದ್ದ. ಅವನೊಬ್ಬ ಸಾಕು ಎಂದುಕೊಂಡಳು. ಅವನಿಗಾಗಿಯೇ ಅಲ್ಲವೇ ಮುಕ್ತಾರ ಬಂದದ್ದು.

ಅವನ ಹಿಂಡು ಬಸವನ ಬಾಗೇವಾಡಿ ದಾಟಿ ಗೊಳಸಂಗಿಯ ಎರೆಹೊಲದಲ್ಲಿತ್ತು. ಅವಳು ಮುಟ್ಟಿದಾಗ ಮಧ್ಯಾಹ್ನ. ಅಮೋಘಸಿದ್ಧ ಇನ್ನೂ ಕುಂಟುತ್ತಿದ್ದ. ಚಂದವ್ವ ಕಂಬಳಿ ಹಾಸಿ ಕೂರಿಸಿ, ಹಾಲಿಗೆ ಬೆಲ್ಲ ಹಾಕಿ ಕೊಟ್ಟಳು. ವಿದ್ಯಾವತಿ ಬಂದ ಕಾರಣ ಹೇಳಿದಳು. ಕಾಗದ ಬಿಡಿಸಿದಳು.

“ಯಾವ ಫೋನ್ರಿ?” ಎಂದ ಅಮೋಘಸಿದ್ಧ, ಕುರಿಗಳ ಕಡೆ ನೋಡುತ್ತ. “ನನ್ನ ಹಂತ್ಯಾಕ ಫೋನ ಇರಲೇ ಇಲ್ಲ.”

“ಅಮೋಗಿ, ಅವ ನಿನ್ನ ಸಲುವಾಗಿ ಬಂದಾನೋ.”

“ಗೊತ್ತೈತ್ರಿ.” ಕುಂಟುವ ಕಾಲು ಚಾಚಿ ಕೂತ. “ಹಗಲೆಲ್ಲಾ ನೆನಪಿರತೈತಿ. ಆದ್ರ ಬಾಯಾರ, ಒಂದ ಮಾತು ಕೇಳತೇನಿ. ನಿಮ್ಮ ಮಾತು ನಂಬಿ ಖರೇ ಹೇಳಿದಾವ ಈಗ ಎಲ್ಲಿ ಅದಾನ? ಅದನ್ನ ಹೇಳ್ರಿ. ನಾನೂ ಹೆಬ್ಬೆಟ್ಟು ಒತ್ತತೇನಿ.”

ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಇಲ್ಲಿಗೆ ಬರುತ್ತಿರಲಿಲ್ಲ.

“ತಂಗೀ,” ಎಂದಳು ಚಂದವ್ವ, ಅವಳ ಮೊಣಕೈ ಹಿಡಿದು, “ನೀ ಸಿಟ್ಟಾಗಬ್ಯಾಡ. ನನಗ ಇರಾವ ಒಬ್ಬ ಮಗ. ಹಾಲು ಆರತೈತಿ, ಕುಡಿ.”

ವಿದ್ಯಾವತಿ ಹಾಲು ಕುಡಿದಳು. ಕಾಗದ ಮಡಿಚಿದಳು.

ಬಾಗೇವಾಡಿ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತಿದ್ದಾಗ ಬಾನುಬಿಯ ಫೋನು ಬಂತು. ದಿನಕ್ಕೆರಡು ಸಲ ಮಾಡುತ್ತಿದ್ದಳು. ಎತ್ತದೆ ಇರೋಣ ಎಂದುಕೊಂಡರೂ ಬೆರಳು ಎತ್ತಿತು.

“ಅಕ್ಕಾರ, ಅಮೋಗಿ ಸಿಕ್ಕನೇನ್ರಿ? ಬರದುಕೊಟ್ಟನೇನ್ರಿ?”

ಇಷ್ಟೆಲ್ಲ ಆದದ್ದು ಒಂದು ಖರೇ ಮಾತಿನಿಂದ. ಇನ್ನೊಂದು ಖರೇ ಮಾತು ಈಗ ಅವಳು ಹೇಳುವುದಿತ್ತು. ಆಲಮೇಲ ಬಸ್ಸಿನ ಕಂಡಕ್ಟರ್ ಕೂಗುತ್ತಿದ್ದ. ಅವನ ಕೂಗು ಮುಗಿಯುವವರೆಗೆ ಕಾದಳು.

“ಕೊಟ್ಟಾನ,” ಎಂದಳು.

ಆ ಕಡೆ ಉಸಿರು ಬಿಟ್ಟದ್ದು ಕೇಳಿಸಿತು. “ಹಂಗಾರ ಇವ್ರು ಬರೂದ್ರಾಗ ಅಂಗಡಿ ತೆಗದು ಕಸಾ ಹೊಡೀಲೇನ್ರಿ? ಭಾಳ ಧೂಳ ಕುಂತೈತಿ.”

“ಹೊಡಿ,” ಎಂದಳು ವಿದ್ಯಾವತಿ.