ಕಿನಾರೊಸ್‌ಗೆ ಒಯ್ದ ಗೋಧಿ

ಸತ್ತವನ ಹೆಸರಿನಲ್ಲಿ ಬೇಯಿಸಿದ ಗೋಧಿಯನ್ನು ಊರಿನ ಚರ್ಚಿನಲ್ಲೇ ಹಂಚಿ ಮುಗಿಸಿದ್ದರೆ ಥೆಮೆಲೀನಾಳನ್ನು ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ನಲವತ್ತನೆಯ ದಿನದ ಪ್ರಾರ್ಥನೆ ಮುಗಿದದ್ದೇ ತಡ, ಅವಳು ಅರ್ಧ ಗೋಧಿಯನ್ನು ಬೇರೆ ತಟ್ಟೆಗೆ ತೆಗೆದಳು. ಮೇಲೆ ಸಕ್ಕರೆಪುಡಿ ಹರಡಿ, ಬಾದಾಮಿಯಲ್ಲಿ ಶಿಲುಬೆ ಜೋಡಿಸಿ, ಬಿಳಿ ಬಟ್ಟೆ ಹೊದಿಸಿ, ದೋಣಿ ಹೊರಡಿಸು ಎಂದು ತಮ್ಮ ಮಿಕೆಸ್‌ಗೆ ಹೇಳಿದಳು.

ದೋಣಿ ಗಂಡ ಸಕೆಲಾರಿಸ್‌ನದು. ಹಿಟ್ಟು, ಸೀಮೆಎಣ್ಣೆ, ಸೂಜಿ ದಾರ ತುಂಬಿಕೊಂಡು ಸಣ್ಣಪುಟ್ಟ ದ್ವೀಪಗಳನ್ನು ಸುತ್ತಿ ಮಾರುವುದೇ ಅವನ ಬದುಕಾಗಿತ್ತು. ಅವನು ಹಾಸಿಗೆಯಲ್ಲೇ ಸತ್ತ. ಸಮುದ್ರದವರಿಗೆ ಅದು ದೊಡ್ಡ ಪುಣ್ಯ. ಆಮೇಲೆ ಬೀಸಿದ ಗಾಳಿಗೆ ಯಾವ ದೋಣಿಯೂ ಬಂದರು ಬಿಡಲಿಲ್ಲ. ಜನವರಿ ನಡುವೆ ನಾಲ್ಕು ದಿನ ಸಮುದ್ರ ಸುಮ್ಮನಿರುತ್ತದಲ್ಲ, ಅದಕ್ಕೇ ಅವಳು ಕಾದಿದ್ದಳು.

ಅವಳಿಗೆ ಬೇಕಾಗಿದ್ದದ್ದು ಕಿನಾರೊಸ್ ದ್ವೀಪದಲ್ಲಿರುವ ಮೈದುನ ಪಂತೆಲಿಸ್‌ನ ಬಾಯಿಂದ ಒಂದು ಮಾತು, ಅಷ್ಟೆ. ಅವನಿಗೂ ಹೆಂಡತಿ ಎವ್ದೊಕಿಯಾಳಿಗೂ ಇದ್ದ ಒಬ್ಬನೇ ಮಗ ಲೆಫ್ತೆರಿಸ್ ದೊಡ್ಡಪ್ಪನ ದೋಣಿಯಲ್ಲಿ ಹೋಗಿದ್ದಾಗ ಅಲೆಗೆ ಸಿಕ್ಕಿ ಹೋದ, ಹೆಣವೂ ಸಿಗಲಿಲ್ಲ. ಆ ದಿನ ಹೊರಡಬೇಡ ಎಂದು ಎಲ್ಲರೂ ಹೇಳಿದ್ದರು, ಸಕೆಲಾರಿಸ್ ಕೇಳಿರಲಿಲ್ಲ. ಪಂತೆಲಿಸ್ ಬಂದರಿನ ನಡುವೆ ನಿಂತು ಅಣ್ಣನಿಗೆ ಶಾಪ ಹಾಕಿದ: ಮಣ್ಣು ನಿನ್ನನ್ನ ಕರಗಿಸದಿರಲಿ. ಅಲ್ಲಿಂದ ಮಾತಿಲ್ಲ, ಮುಖವಿಲ್ಲ.

ಆ ಶಾಪದ ಭಾರ ಆ ಕಡೆಯವರಿಗೇ ಗೊತ್ತು. ಕೆಲವು ವರ್ಷ ಕಳೆದ ಮೇಲೆ ಗುಂಡಿ ತೆರೆದು, ಎಲುಬುಗಳನ್ನು ವೈನಿನಲ್ಲಿ ತೊಳೆದು ಎತ್ತಿಡುತ್ತಾರೆ. ದೇಹ ಕರಗದೆ ಉಳಿದಿದ್ದರೆ ಶಾಪ ತಟ್ಟಿದೆ ಎಂದು ಊರೆಲ್ಲ ಬಾಯಿಗೆ ಕೈಯಿಟ್ಟು ನೋಡುತ್ತದೆ. ಶಾಪ ಬಿಡಿಸಬೇಕಾದರೆ ಅದನ್ನು ಹಾಕಿದವನೇ ಗೋಧಿ ತಿಂದು ‘ದೇವರು ಅವನನ್ನ ಕ್ಷಮಿಸಲಿ’ ಅನ್ನಬೇಕು. ಗಂಡನನ್ನು ಕರಗದ ಹೆಣವಾಗಿ ನೋಡುವ ಭಯದಲ್ಲಿ ಥೆಮೆಲೀನಾ ನಿದ್ದೆಗೆಟ್ಟಿದ್ದಳು.

ಮೊದಲು ಟೆಲೆಂಡೊಸ್ ದ್ವೀಪ. ಅಲ್ಲಿನ ಮುದುಕಿ ಕಲೋತಿನಾ ಅಂಗೈ ತುಂಬ ಗೋಧಿ ತೆಗೆದುಕೊಂಡು, ಹಲ್ಲಿಲ್ಲದ ಬಾಯಲ್ಲಿ ನಿಧಾನವಾಗಿ ಅಗಿದಳು.

“ಸಕ್ಕರೆ ತೂಗುವಾಗ ಅವನ ಹೆಬ್ಬೆರಳೂ ತಕ್ಕಡೀಲಿ ಕೂತಿರ್ತಿತ್ತು ಕಣೆ. ದೇವರು ಅವನನ್ನ ಕ್ಷಮಿಸಲಿ. ಆ ಹೆಬ್ಬೆರಳನ್ನೂ ಕ್ಷಮಿಸಲಿ.”

ಥೆಮೆಲೀನಾ ನಕ್ಕಳು. ಗಂಡ ಸತ್ತ ಮೇಲೆ ಅದೇ ಮೊದಲ ನಗು, ನಕ್ಕಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

ಲೆವಿಥಾ ತಲುಪುವಾಗ ಸಂಜೆಯಾಗಿತ್ತು. ಅಲ್ಲಿರುವುದು ಒಂದೇ ಕುರುಬರ ಮನೆ. ಟೆಲಿಫೋನ್ ತಂತಿ ಆಗಿನ್ನೂ ಆ ಕಡೆಗೆ ಬಂದಿರಲಿಲ್ಲ. ಬಿಳಿ ಬಟ್ಟೆಯ ತಟ್ಟೆ ಕಂಡದ್ದೇ ಕುರುಬ ಟೋಪಿ ತೆಗೆದ. ಗೋಧಿ ಬಂತೆಂದರೆ ಸುದ್ದಿ ಬಂದಂತೆಯೇ, ಬೇರೆ ಹೇಳಬೇಕಿಲ್ಲ. ಅವರು ಕೊಟ್ಟ ಬಿಸಿ ಹಾಲು ಕುಡಿದು ಅಲ್ಲೇ ಮಲಗಿದರು.

ಬೆಳಿಗ್ಗೆ ದೋಣಿ ನುಣುಪಾದ ನೀರಿನ ಮೇಲೆ ತೆವಳಿಕೊಂಡು ಹೊರಟಿತು. ಕಿನಾರೊಸ್‌ನ ಕೊಲ್ಲಿ ಕಂಡಾಗ ಮಿಕೆಸ್ ಎಂಜಿನ್ ಮೇಲೆ ಕೈಯಿಟ್ಟ.

“ಭಾವ ಇಲ್ಲಿ ನಿಲ್ಲಿಸ್ತಿದ್ರಲ್ಲ ಅಕ್ಕ. ನಾನೂ ನಿಲ್ಲಿಸ್ಲಾ?”

ಅದು ಅವಳಿಗೂ ಗೊತ್ತಿತ್ತು. ಬೇಸಿಗೆಯಲ್ಲಿ ಗಂಡನ ಜೊತೆ ಬಂದಾಗಲೆಲ್ಲ ಅವನು ಕೊಲ್ಲಿಯ ಬಾಯಲ್ಲಿ ದೋಣಿ ನಿಲ್ಲಿಸಿ ಸುಮ್ಮನೆ ಕೂರುತ್ತಿದ್ದ. ಇಲ್ಲಿ ಯಾರಿಗೆ ಏನು ಮಾರೋದಿದೆ ಎಂದು ಅವಳು ರೇಗಿದರೆ, ಎಂಜಿನ್ ಬಿಸಿಯಾಗಿದೆ, ತಣಿಯಲಿ ಅನ್ನುತ್ತಿದ್ದ. ದಡದಿಂದ ಯಾರೂ ಬರುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ತಣ್ಣಗಿದ್ದ ಎಂಜಿನ್ ಮತ್ತೆ ಶುರುಮಾಡಿ ಹೊರಡುತ್ತಿದ್ದ.

ನೇರ ಒಳಗೆ ನಡೆಸು ಎಂದಳು ಥೆಮೆಲೀನಾ.

ದೋಣಿ ಕೊಲ್ಲಿ ಹೊಕ್ಕದ್ದೇ ಗುಡ್ಡದ ಮೇಲಿನ ಮನೆಯ ಬಾಗಿಲು ತೆರೆಯಿತು. ಪಂತೆಲಿಸ್ ಕಲ್ಲುಗಳ ನಡುವೆ ಬಹುತೇಕ ಓಡುತ್ತಲೇ ಇಳಿದ. ಬಾಗಿಲು ಹಾಕಿಕೊಳ್ಳುತ್ತಾನೆ, ಬೈಯುತ್ತಾನೆ, ತಟ್ಟೆಯನ್ನು ನೀರಿಗೆ ಎಸೆಯುತ್ತಾನೆ ಎಂದೆಲ್ಲ ಅಂದುಕೊಂಡು ಅವಳು ದಾರಿಯುದ್ದಕ್ಕೂ ಉತ್ತರ ಜೋಡಿಸಿದ್ದಳು. ಅವನು ಓಡಿಬಂದಾನೆಂದು ಮಾತ್ರ ಎಣಿಸಿರಲಿಲ್ಲ. ಅವನು ಹಗ್ಗ ಹಿಡಿದು ದೋಣಿಯನ್ನು ದಡಕ್ಕೆಳೆದ. ಅವಳ ಕಪ್ಪು ಬಟ್ಟೆ ಅವನಿಗೇನೂ ಹೇಳಲಿಲ್ಲ. ತಾಯಿ ಸತ್ತಂದಿನಿಂದ ಅವಳು ತೊಟ್ಟಿದ್ದೇ ಕಪ್ಪು. ಅವನ ಕಣ್ಣು ದೋಣಿಯ ಕೋಣೆಯ ಮೇಲಿತ್ತು.

“ಕೊನೆಗೂ ಒಳಗೆ ಬಂದ್ಯಲ್ಲ ಅಣ್ಣ. ಇಳಿ ಆಚೆ. ಎವ್ದೊಕಿಯಾ ಆಗ್ಲೇ ಒಲೆ ಮೇಲೆ ಮಾಂಸ ಇಟ್ಟಾಯ್ತು. ಏನು, ಇನ್ನೂ ಕರೀಬೇಕಾ ನಿನ್ನ?”

ಮಿಕೆಸ್ ತಲೆ ತಗ್ಗಿಸಿದ. ಥೆಮೆಲೀನಾ ತಟ್ಟೆ ಎತ್ತಿಕೊಂಡು ಬಟ್ಟೆ ಸರಿಸಿದಳು.

ಪಂತೆಲಿಸ್ ಗೋಧಿಯನ್ನು ನೋಡಿದ. ಮತ್ತೆ ಕೋಣೆಯ ಕಡೆ ನೋಡಿದ. ಹಗ್ಗವನ್ನು ಕಟ್ಟುವುದನ್ನೇ ಮರೆತು ಕೈಯಲ್ಲೇ ಹಿಡಿದು ನಿಂತಿದ್ದ. ಮಿಕೆಸ್ ದಡಕ್ಕೆ ಹಾರಿ ಅದನ್ನು ಬಿಡಿಸಿಕೊಂಡು ಕಟ್ಟಿದ.

“ಯಾವಾಗ?” ಎಂದ ಪಂತೆಲಿಸ್.

ಡಿಸೆಂಬರಿನಲ್ಲಿ, ಸಂತ ನಿಕೋಲಾಸನ ಹಬ್ಬಕ್ಕೆ ಮುಂಚೆ ಎಂದಳು. ಆ ಶಾಪ ಹಿಂದೆ ತಗೋ, ಅದಕ್ಕೇ ಬಂದೆ ಎಂದಳು.

“ಶಾಪಾನಾ? ಅದನ್ನ ಎರಡನೇ ವರ್ಷಾನೇ ನುಂಗಿಬಿಟ್ಟೆ ಅತ್ತಿಗೆ. ಅವನು ಬಂದು ಅಲ್ಲಿ ಕೊಲ್ಲಿ ಬಾಯಲ್ಲಿ ನಿಲ್ಲೋನು. ನಾನು ಕಿಟಕಿ ಹಿಂದೆ ನಿಲ್ಲೋನು. ಅಣ್ಣ ಆದೋನು, ತಪ್ಪು ಮಾಡಿದೋನು, ಅವನೇ ದಡಕ್ಕೆ ಬರ್ಲಿ ಅಂತ. ಪ್ರತಿ ಸಲ ಮುಂದಿನ ಸಲ ಬರ್ತಾನೆ ಅಂದ್ಕೋತಿದ್ದೆ.”

ಅವನು ಬೊಗಸೆ ತುಂಬ ಗೋಧಿ ತೆಗೆದುಕೊಂಡು ಬಾಯಿಗೆ ತುರುಕಿಕೊಂಡ. ಅಗಿದು ನುಂಗಿದ. ದೇವರು ಅವನನ್ನ ಕ್ಷಮಿಸಲಿ ಎಂದ, ಸ್ಪಷ್ಟವಾಗಿ, ಮಿಕೆಸ್‌ಗೂ ಕೇಳುವಂತೆ.

ಬಂದ ಕೆಲಸವಾಯಿತು. ಗಂಡನ ದೇಹ ಮಣ್ಣಲ್ಲಿ ಕರಗದ ಭಯ ಇನ್ನಿಲ್ಲ. ಆದರೆ ಥೆಮೆಲೀನಾಳಿಗೆ ಎದೆ ಹಗುರಾಗಲಿಲ್ಲ. ಕರುಣೆಗಿಂತ ಮೊದಲು ಬಂದದ್ದು ಕೋಪ, ಇಬ್ಬರ ಮೇಲೂ. ಒಬ್ಬ ಗುಡ್ಡ ಇಳಿಯಲಿಲ್ಲ, ಒಬ್ಬ ಕೊಲ್ಲಿಯ ಒಳಗೆ ಬರಲಿಲ್ಲ. ಇಷ್ಟು ವರ್ಷ ಆ ಚೂರು ನೀರು ನಡುವೆ ಬಿದ್ದಿತ್ತು.

ಆಗ ಮೇಲಿನಿಂದ ಎವ್ದೊಕಿಯಾಳ ಕೂಗು ಕೇಳಿತು. ಅವಳಿಗೆ ಕಂಡದ್ದು ದೋಣಿ ಮಾತ್ರ. “ಸಕೆಲಾರಿಸ್ ಭಾವಾ, ಮಾಂಸ ಬೇಯ್ತಾ ಇದೆ, ಬನ್ನಿ ಮೇಲೆ” ಎಂದು ಮತ್ತೆ ಮತ್ತೆ ಕರೆದಳು. ಮಗ ಹೋದಂದಿನಿಂದ ಆ ಮನೆಯಲ್ಲಿ ಯಾರೂ ಎತ್ತದ ಹೆಸರು.

ಪಂತೆಲಿಸ್ ದಡದ ಕಲ್ಲಿನ ಮೇಲೆ ಕೂತ.

“ನೀನೇ ಹೋಗಿ ಹೇಳು ಅತ್ತಿಗೆ. ನನ್ನ ಕೈಲಾಗಲ್ಲ.”

ಥೆಮೆಲೀನಾ ತಟ್ಟೆ ಹಿಡಿದು ಗುಡ್ಡ ಹತ್ತತೊಡಗಿದಳು.