ದೇಸಾಯಿಯ ಸಾವಿಗೆ ಮುಂಚೆ

ಆಡೂರಿನ ನಾಟಕದಲ್ಲಿ ನನ್ನ ಕೊಲೆಯಾದದ್ದು ಅರವತ್ತೊಂದನೇ ಇಸವಿಯಲ್ಲಿ. ಅದನ್ನು ಯಾರೂ ನೋಡಲಿಲ್ಲ. ಆ ಸಿಟ್ಟು ನನಗೆ ವರ್ಷವಿಡೀ ಇಳಿಯಲಿಲ್ಲ.

ನಮ್ಮೂರಿನವರ ಚಾಳಿಯನ್ನು ಮೊದಲೇ ಹೇಳಿಬಿಡುತ್ತೇನೆ. ನಾಟಕ ಶುರುವಾದ ಮೇಲೆಯೇ ಇವರು ಚಾಪೆ ಬಿಡಿಸುವುದು, ಮಕ್ಕಳಿಗೆ ಜಾಗ ಹುಡುಕುವುದು, ಸವಣೂರಿನ ಎಲೆಗೆ ಸುಣ್ಣ ಹಚ್ಚುವುದು. ಸಾಲದ್ದಕ್ಕೆ ಕುರ್ಚಿ ಕೊಟ್ಟವರು ಯಾರು, ದೀಪ ಕೊಟ್ಟವರು ಯಾರು ಎಂದು ಹೆಸರು ಕೂಗಬೇಕು. ಒಂದು ಹೆಸರು ಬಿಟ್ಟರೂ ಜಗಳ. ಪರಮೇಶ್ವರಪ್ಪ ಮಾಸ್ತರರು ಬರೆದು ಕಲಿಸಿದ್ದು ಪತ್ತೇದಾರಿ ನಾಟಕ. ಮೊದಲ ದೃಶ್ಯದಲ್ಲೇ ದೇಸಾಯಿಯ ಪಾತ್ರದ ನಾನು ಬೆನ್ನಿಗೆ ಚೂರಿ ತಿಂದು ಸತ್ತೆ. ಕೊನೆಯ ದೃಶ್ಯದಲ್ಲಿ ಪತ್ತೇದಾರ “ದೇಸಾಯಿಯನ್ನು ಕೊಂದವರು ಯಾರು?” ಎಂದು ಗರ್ಜಿಸಿದಾಗ ಮುಂದಿನ ಸಾಲಿನಿಂದ ಕುರ್ಚಿ ಕೊಟ್ಟ ಉಳಿವೆಪ್ಪನೇ ಎದ್ದು, “ಯಾವ ದೇಸಾಯಿರಿ? ಸತ್ತಾನೇನು?” ಎಂದು ಕೇಳಿದ.

ಉಳಿವೆಪ್ಪನ ಮಾತು ಹಾಳಾಗಲಿ, ನನ್ನ ಹೆಂಡತಿ ಅನ್ನವ್ವನೇ ನೋಡಿರಲಿಲ್ಲ.

“ಚಾಪಿ ಝಾಡಸಾಕತ್ತಿದ್ನಿರಿ. ತಲಿ ಎತ್ತೂದ್ರಾಗ ನೀವು ಇರಲೇ ಇಲ್ಲ” ಎಂದಳು.

ಬಣವೆಯ ಹಿಂದೆ ಬಿದ್ದು ಬಿದ್ದು, ಮೊಣಕೈ ತರಚಿಕೊಂಡು ಕಲಿತ ಸಾವು ಅದು! ಊರು ನೋಡದಿದ್ದರೆ ಕತ್ತೆ ಬಾಲ, ಅವಳಾದರೂ ನೋಡಬೇಕಿತ್ತು. ಮುಂದಿನ ಸಲ ನೋಡಿಸಿಯೇ ತೀರುತ್ತೇನೆ ಎಂದು ಹಟ ಹಿಡಿದೆ.

ಮರುವರ್ಷ ಶಿಗ್ಗಾಂವದ ಟೆಂಟಿಗೆ ಹಿಂದಿಯ ಒಂದು ಕೊಲೆ ಸಿನಿಮಾ ಬಂತು. ಮಾಸ್ತರರೂ ನಾನೂ ಬಸ್ಸು ಹತ್ತಿ ಹೋದೆವು. ಅಲ್ಲೂ ಅದೇ ಗದ್ದಲ, ಚುರುಮುರಿ, ಸೋಡಾ. ದೀಪ ಆರಿತು. ಪರದೆಯ ಮೇಲೆ ಒದ್ದೆ ರಸ್ತೆ, ಅದರಲ್ಲಿ ನಡೆಯುವ ಬೂಟುಗಳು. ಒಂದು ಹೆಸರು ಮೂಡಿ ಮಾಯವಾಯಿತು. ಯಾರದೋ ಕೈ ಬಾಗಿಲಿನ ಚಿಲಕ ತೆಗೆಯಿತು. ಮತ್ತೊಂದು ಹೆಸರು. ಗೋಡೆಯ ಮೇಲೆ ನೆರಳು, ಮುಖ ಮಾತ್ರ ಇಲ್ಲ. ಹಾಡಿಲ್ಲ, ಮಾತಿಲ್ಲ, ಬರೀ ಒಂದು ಪಿಟೀಲು. ಕಥೆ ಇನ್ನೂ ಶುರುವಾಗಿಲ್ಲ, ಬರುತ್ತಿರುವುದು ಹೆಸರುಗಳು, ಅವೂ ನಮಗೆ ಓದಲು ಬಾರದ ಅಕ್ಷರದಲ್ಲಿ. ಆದರೂ ಟೆಂಟು ಗಪ್‌ಚುಪ್. ಸೋಡಾ ಮಾರುವವನೂ ಬಾಟಲಿ ಹಿಡಿದು ನಿಂತುಬಿಟ್ಟಿದ್ದ. ನನ್ನ ಬಾಯಲ್ಲಿದ್ದ ಚುರುಮುರಿ ಬಾಯಲ್ಲೇ ಉಳಿದಿತ್ತು.

ಮಾಸ್ತರರು ಹೊರಗೆ ಬಂದವರೇ ನನ್ನ ರಟ್ಟೆ ಹಿಡಿದರು. “ಮಾರಿ ತೋರಸಲಿಲ್ಲ ನೋಡು ಹೊಳಬಸಪ್ಪ! ಬೂಟು ತೋರಸಿದ, ಕೈ ತೋರಸಿದ, ನಡುವ ಹೆಸರು ಹಾಕಿ ತಡದ. ಮಂದಿ ಮಾರಿ ಹುಡುಕಾಕ ಹತ್ತಿ ಬಾಯಿ ಮುಚ್ಚಿದ್ರು.”

“ನಮ್ಮಲ್ಲಿ ಕ್ಯಾಮೆರಾ ಎಲ್ಲಿ ಐತ್ರಿ?”

“ಕಂದೀಲ ಐತಿ, ಧೋತರ ಐತಿ. ಹೆಸರಂತೂ ಬೇಕಾದಷ್ಟು ಅದಾವು.”

ಧೋತರವನ್ನು ಅನ್ನವ್ವ ಪೆಟ್ಟಿಗೆಯಿಂದ ತೆಗೆದುಕೊಟ್ಟಳು. ನನ್ನ ಮದುವೆಯದು. ಕಲೆ ಮಾಡಿದರೆ ಮನೆಗೆ ಬರಬೇಡಿ ಎಂದೂ ಹೇಳಿದಳು.

ಅದೇ ನಾಟಕವನ್ನು ಮತ್ತೆ ಆಡಿದ ದಿನ ಪೆಟ್ರೋಮ್ಯಾಕ್ಸನ್ನು ಮರೆಮಾಡಿ, ಬಿಗಿದು ಕಟ್ಟಿದ ಧೋತರದ ಹಿಂದೆ ಒಂದೇ ಕಂದೀಲು ಇಟ್ಟೆವು. ಹಾರ್ಮೋನಿಯಂ ಒಂದೇ ಸ್ವರ ಹಿಡಿದು ನಿಂತಿತು. ಕೊಲೆಗಾರನ ಪಾತ್ರದ ದಿಲಾವರ ಕೈ ಚಾಚಿದ. ಅದರ ನೆರಳು ಧೋತರದ ತುಂಬ ಹರಡಿತು. ಕತ್ತಲಿನಿಂದ ಮಾಸ್ತರರು ತಗ್ಗಿದ ದನಿಯಲ್ಲಿ ಹೇಳಿದರು, “ಕುರ್ಚಿ ಕೊಟ್ಟವರು... ಉಳಿವೆಪ್ಪನವರು.”

ನೆರಳಿನ ಕೈಗೆ ಚೂರಿ ಬಂತು.

ನಾನು ಪಕ್ಕದಿಂದ ಇಣುಕಿದೆ. ಉಳಿವೆಪ್ಪ ತನ್ನ ಕುತ್ತಿಗೆ ಸವರಿಕೊಳ್ಳುತ್ತಿದ್ದ. ಒಂದೊಂದು ಹೆಸರಿಗೂ ಚೂರಿ ಗೇಣು ಗೇಣು ಕೆಳಗಿಳಿಯಿತು. ಹೆಸರು ಬಂದವರು ಬೆಚ್ಚಿದರು, ಬರಬೇಕಾದವರು ಉಸಿರು ಬಿಗಿಹಿಡಿದರು. ಎಲೆ ಜಗಿಯುವ ಸದ್ದೂ ಇಲ್ಲ.

“ಧೋತರ ಕೊಟ್ಟವರು... ಅನ್ನವ್ವನವರು.”

ಚೂರಿ ಸರ್ರನೆ ಇಳಿಯಿತು. ಕಂದೀಲು ಆರಿತು. ಊರ ಮುಂದೆ ಅನ್ನವ್ವನ ಹೆಸರು ಕೂಗಿದ್ದು ಅದೇ ಮೊದಲು. ಪೆಟ್ರೋಮ್ಯಾಕ್ಸ್ ಬೆಳಗಿದಾಗ ಅವಳು ಸುತ್ತಿದ ಚಾಪೆಯನ್ನು ಎದೆಗೆ ಅವಚಿಕೊಂಡು ನಿಂತೇ ಇದ್ದಳು.

ನಾನು ರಂಗಕ್ಕೆ ಬಂದೆ. ನನ್ನ ಚಪ್ಪಲಿಯ ಸದ್ದು ನನಗೇ ಕೇಳುವಷ್ಟು ಮೌನ. ಖುಷಿಗೆ ಮಾತೇ ಮರೆತುಹೋಗುವುದರಲ್ಲಿತ್ತು. ಹಿಂದಿನಿಂದ ದಿಲಾವರ ತುದಿಗಾಲಲ್ಲಿ ಬರುತ್ತಿದ್ದ.

“ಹಿಂದ ನೋಡ್ರಿ! ಅಯ್ಯ, ಹಿಂದ ನೋಡ್ರಿ!”

ಅನ್ನವ್ವನ ದನಿ. ಇಷ್ಟು ವರ್ಷ ಸಂಸಾರ ಮಾಡಿದವನು, ಅವಳು ನೋಡೆಂದರೆ ನೋಡದೆ ಇರಲಾದೀತೇ? ತಿರುಗಿಬಿಟ್ಟೆ. ಎತ್ತಿದ ಚೂರಿಯೊಂದಿಗೆ ದಿಲಾವರ ಕಲ್ಲಾದ.

“ಈಗೇನ ಮಾಡ್ಲಿ ಕಾಕಾ?” ಎಂದು ಪಿಸುಗುಟ್ಟಿದ.

“ಬಿಡಬ್ಯಾಡ, ಹಿಡಿ ಅವನ್ನ!” ಎಂದು ಉಳಿವೆಪ್ಪ ಕುರ್ಚಿಯ ಮೇಲೆಯೇ ಹತ್ತಿದ. ಅರ್ಧ ಊರು ಎದ್ದು ನಿಂತಿತು. ಮರೆಯಲ್ಲಿ ಮಾಸ್ತರರು “ಸಾಯಿ! ಲಗೂನ ಸಾಯಿ!” ಎಂದು ಹಲ್ಲು ಕಡಿಯುತ್ತಿದ್ದರು.

ಲಗೂನ ಸಾಯುವುದೇ? ಇಂಥ ಮಂದಿ ಮತ್ತೆ ಎಲ್ಲಿ ಸಿಗಬೇಕು? ಏನೂ ಕಾಣಲಿಲ್ಲವೆಂಬಂತೆ ಕಣ್ಣುಜ್ಜಿಕೊಂಡು ದಿಲಾವರನಿಗೆ ಮತ್ತೆ ಬೆನ್ನು ಕೊಟ್ಟೆ. ಬೆನ್ನಿಗೆ ಚೂರಿ ಬಿತ್ತು. ಕಂಬ ಹಿಡಿದೆ, ಬಿಟ್ಟೆ, ರಂಗದ ಆ ತುದಿಗೆ ತೂರಾಡಿದೆ, ಈ ತುದಿಗೆ ಬಂದೆ, ಸಾವಕಾಶವಾಗಿ, ಮನಸ್ಸು ತುಂಬುವಷ್ಟು ಸತ್ತೆ. ಯಾರೋ ಬಿಕ್ಕಿದರು. ಯಾರೆಂದು ನನಗೆ ಗೊತ್ತಿತ್ತು. ಹೆಣವಾಗಿ ಬಿದ್ದ ನನಗೆ ನಗು ತಡೆಯಲಾಗದೆ ಹೊಟ್ಟೆ ಕುಣಿಯುತ್ತಿತ್ತು. ಮುಖವನ್ನು ನೆಲಕ್ಕೆ ಒತ್ತಿಕೊಂಡೆ.

ಮನೆಗೆ ಹೋಗುವ ದಾರಿಯಲ್ಲಿ ಅನ್ನವ್ವ ಧೋತರವನ್ನು ಮಡಚುತ್ತ, ಮತ್ತೆ ಬಿಚ್ಚಿ ಮಡಚುತ್ತ ನಡೆದಳು. ಬಾಗಿಲಿಗೆ ಬಂದಾಗ ನಾನೇ ಕೇಳಿದೆ, “ನೋಡಿದ್ಯೋ ಇಲ್ಲೋ?”

ಅವಳ ಕಣ್ಣುಗಳು ಇನ್ನೂ ಕೆಂಪಗಿದ್ದವು.

“ಮುಂದಿನ ವರ್ಷ ಬೇಕಾದ್ರ ನೀವ ಯಾರನ್ನಾರ ಕೊಲ್ರಿ” ಎಂದಳು. “ಸಾಯೂ ಪಾರ್ಟು ಮಾತ್ರ ಬ್ಯಾಡ.”